ಅಚ್ಚಿಗೆ ಹೋಗುವ ಮೊದಲೇ ಕತ್ತರಿಯೇಕೆ?



ನಿಮ್ಮ ಬಡಾವಣೆಗೆ ಹದಿನೈದು ದಿನದಿಂದ ನೀರಿಲ್ಲ ಎಂದುಕೊಳ್ಳಿ. ನಾಲ್ಕು ಹುಡುಗರು ಸೇರಿ ಒಂದು ಕರಪತ್ರ ಬರೆಯುತ್ತೀರಿ. ಬರೆದು ಮುಗಿಯುವ ಮುಂಚೆಯೇ ಒಬ್ಬ, 'ಇಂಜಿನಿಯರ್ ಹೆಸರು ಬೇಡ ಕಣೋ' ಎನ್ನುತ್ತಾನೆ. ಇನ್ನೊಬ್ಬ ಶಾಸಕರ ಹೆಸರು ಹೊಡೆದು ಹಾಕುತ್ತಾನೆ. ಪ್ರೆಸ್ಸಿಗೆ ಹೋದರೆ ಅಲ್ಲಿನ ಯಜಮಾನ, 'ಪೊಲೀಸ್ ಪರ್ಮಿಷನ್ ತಂದಿದ್ದೀರಾ?' ಎಂದು ಕೇಳುತ್ತಾನೆ. ಕೊನೆಗೆ ಅಚ್ಚಾಗುವುದೇನು? 'ಸಂಬಂಧಪಟ್ಟವರು ಗಮನ ಹರಿಸಬೇಕಾಗಿ ವಿನಂತಿ.' ಯಾರಪ್ಪಾ ಈ ಸಂಬಂಧಪಟ್ಟವರು? ಅವರ ಮನೆ ಯಾವ ಬೀದಿಯಲ್ಲಿದೆ?

ಇಲ್ಲಿ ಯಾವ ಸರ್ಕಾರ ಸೆನ್ಸಾರ್ ಮಾಡಿತು ಹೇಳಿ!

ನಾನು ಓದಿದ್ದು ಪಿಯುಸಿ. ಕಾನೂನು ಪಂಡಿತನಲ್ಲ. ಆದರೆ ಪ್ರೆಸ್ ಇಟ್ಟವನಿಗೆ ತನ್ನ ಕುತ್ತಿಗೆಗೆ ಬರುವ ಕಾನೂನು ಗೊತ್ತಿರಲೇಬೇಕು. ಸಾಮಾನ್ಯ ದಿನಗಳಲ್ಲಿ ಕರಪತ್ರ ಅಚ್ಚು ಹಾಕಲು ಪೊಲೀಸರ ಅಪ್ಪಣೆ ಬೇಕಿಲ್ಲ. ಬ್ರಿಟಿಷರು ಮಾಡಿದ 1867ರ ಕಾನೂನು ಕೂಡ ಕರಪತ್ರದ ಮೇಲೆ ಕೇಳಿದ್ದು ಮುದ್ರಕ, ಪ್ರಕಾಶಕರ ಹೆಸರು ಮತ್ತು ಅಚ್ಚಾದ, ಪ್ರಕಟವಾದ ಊರು. 2024ರ ಮಾರ್ಚ್ 1ರಿಂದ ಅದರ ಜಾಗಕ್ಕೆ ಹೊಸ ಕಾನೂನು ಬಂದಿದೆ. ಚುನಾವಣೆಯ ಕರಪತ್ರಕ್ಕೆ ಬಿಗಿ ಜಾಸ್ತಿ. ಮುದ್ರಕ, ಪ್ರಕಾಶಕ ಇಬ್ಬರ ಹೆಸರು ವಿಳಾಸ ಹಾಕಬೇಕು, ಪರಿಚಯದ ಇಬ್ಬರು ಸಹಿ ಹಾಕಿದ ಘೋಷಣೆ ಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೋಡೆಗೆ ಅಂಟಿಸುವುದು ಬೇರೆ ಮಾತು. ಅದಕ್ಕೆ ಕರ್ನಾಟಕದಲ್ಲಿ 1981ರ ಕಾಯ್ದೆ ಇದೆ, ಅನುಮತಿ ಬೇಕು.

ಅಪ್ಪಣೆ ಕೇಳುವ ಈ ಚಾಳಿ ನಮಗೆ ಅಂಟಿದ್ದು ಎಲ್ಲಿಂದ? 1878ರಲ್ಲಿ ವೈಸರಾಯ್ ಲಿಟ್ಟನ್ ಒಂದು ಕಾನೂನು ತಂದ. ಮ್ಯಾಜಿಸ್ಟ್ರೇಟ್ ಕರೆದರೆ ಮುದ್ರಕ ಹೋಗಿ ಮುಚ್ಚಳಿಕೆ ಬರೆದುಕೊಡಬೇಕು. ತಪ್ಪಿದರೆ ಯಂತ್ರ ಜಪ್ತಿ. ಕೋರ್ಟಿಗೆ ಹೋಗುವಂತಿಲ್ಲ. ತಮಾಷೆ ಕೇಳಿ, ಇದು ದೇಶಭಾಷೆಯ ಪತ್ರಿಕೆಗಳಿಗೆ ಮಾತ್ರ, ಇಂಗ್ಲಿಷಿಗೆ ಇಲ್ಲ! ಅದರ ಬಾಯಿಂದ ತಪ್ಪಿಸಿಕೊಳ್ಳಲು ಬಂಗಾಳದ 'ಅಮೃತ ಬಜಾರ್ ಪತ್ರಿಕೆ' ಬಂಗಾಳಿಯನ್ನೇ ಬಿಟ್ಟು ಪೂರ್ತಿ ಇಂಗ್ಲಿಷಿಗೆ ತಿರುಗಿತು. ಜನರಿಗೆ ತಿಳಿಯುವ ಭಾಷೆ ಕಂಡರೆ ಕುರ್ಚಿಗೆ ಅಷ್ಟು ನಡುಕ. 1908ರಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ಮಾಡಿತು.

ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ದೆಹಲಿಯ ಒಂದು ವಾರಪತ್ರಿಕೆಗೆ 'ಅಚ್ಚಿಗೆ ಮುಂಚೆ ನಮಗೆ ತೋರಿಸಿ' ಎಂದು ಹೊರಡಿಸಿದ್ದ ಹುಕುಂ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೂ 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳಿಗೆ ಕರೆಂಟೇ ತೆಗೆದರು. ಮೆಷಿನ್ ನಿಂತರೆ ಪತ್ರಿಕೆ ನಿಂತಂತೆ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಂದು ನಮ್ಮ ಕರಪತ್ರ ನಿಲ್ಲಿಸಲು ಯಾರೂ ಫ್ಯೂಸ್ ಕೀಳಬೇಕಾಗಿಲ್ಲ. ನಾವೇ ಹೆದರಿ ಸಾಲು ಹೊಡೆದುಕೊಂಡು ಬರುತ್ತೇವೆ.

ಹಾಗಂತ ಬಾಯಿಗೆ ಬಂದದ್ದೆಲ್ಲ ಅಚ್ಚು ಹಾಕಿ ಎಂದು ನಾನು ಹೇಳುತ್ತಿಲ್ಲ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟು, ಮಾನನಷ್ಟ, ಸಾರ್ವಜನಿಕ ಶಾಂತಿ ಮೊದಲಾದವುಗಳಿಗಾಗಿ ಬೇಲಿಯನ್ನೂ ಹಾಕಿದೆ. ಕೈಯಲ್ಲಿ ದಾಖಲೆ ಇಲ್ಲದೆ 'ಲಂಚ ತಿಂದ' ಎಂದು ಬರೆದು ತಂದರೆ ನಾನೂ ವಾಪಸ್ ಕಳಿಸುತ್ತೇನೆ. ಆದರೆ ಹದಿನೈದು ದಿನ ನೀರು ಬಂದಿಲ್ಲ, ಇಂಥ ದಿನ ಇಂಥ ಇಂಜಿನಿಯರಿಗೆ ಅರ್ಜಿ ಕೊಟ್ಟೆವು, ಹಿಂಬರಹ ಬಂದಿಲ್ಲ ಎಂದು ಬರೆದರೆ ಯಾರ ಮಾನ ಹೋಗುತ್ತದೆ? ಅರ್ಜಿಯ ಸ್ವೀಕೃತಿ ಜೇಬಿನಲ್ಲಿಟ್ಟುಕೊಂಡು ಧೈರ್ಯವಾಗಿ ಹೆಸರು ಹಾಕಿ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಸಂಘಟನೆಯನ್ನು ಟೀಕಿಸಿ ಯಾರೋ ಬರೆದರೆಂದು ಅವರ ಅಂಗಡಿ ಮುಂದೆ ಗುಂಪು ಕಟ್ಟುವ ಹುಡುಗರು ನಮ್ಮಲ್ಲೂ ಇದ್ದಾರೆ. ಅದೂ ಲಿಟ್ಟನ್ ಕೆಲಸವೇ. ಬರೆದವನಿಗೆ ಖಾರವಾಗಿಯೇ ಉತ್ತರ ಬರೆದು ತನ್ನಿ, ಸಾವಿರ ಪ್ರತಿ ಹಾಕೋಣ. ಕೆಳಗೆ ನಿಮ್ಮ ಹೆಸರು, ವಿಳಾಸ ಇರಲಿ. ಮುದ್ರಕನ ಹೆಸರಿನ ಜಾಗದಲ್ಲಿ ನನ್ನದು ಇರುತ್ತದೆ.