ತಾಯಿಯ ಹಣ ತಾಯಿಯ ಕೈಗೆ ಸೇರಲಿ

ಮುಂಬಯಿಯಲ್ಲಿ ನೆಲೆಸಿರುವ ತುಳು-ಕನ್ನಡಿಗರ ಮನೆಗಳಲ್ಲಿ ಸೀಮಂತ ಮುಗಿದೊಡನೆ ಚೊಚ್ಚಲ ಬಸುರಿಯನ್ನು ತವರೂರಿಗೆ ಕಳುಹಿಸುವುದು ಇಂದಿಗೂ ವಾಡಿಕೆ. ಉಪನಗರದ ಬಾಡಿಗೆ ಖೋಲಿಯಲ್ಲಿ ಬಾಣಂತನ ಸುಲಭವಲ್ಲ. ಆದರೆ ಈ ಎರಡೂರಿನ ಓಡಾಟದಲ್ಲಿ ಸರಕಾರ ಕೊಡುವ ಹಣ ಕೈತಪ್ಪುತ್ತಿರುವುದು ವಿಷಾದನೀಯ.

ಕೇಂದ್ರ ಸರಕಾರದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ 2017ರಿಂದ ಜಾರಿಯಲ್ಲಿದೆ. ಮೊದಲ ಮಗುವಿಗೆ ಒಟ್ಟು 5,000 ರೂ. ಗರ್ಭಿಣಿಯೆಂದು ಹೆಸರು ನೋಂದಾಯಿಸಿ ತಪಾಸಣೆ ಮಾಡಿಸಿಕೊಂಡಾಗ 3,000 ರೂ., ಜನನ ನೋಂದಣಿಯಾಗಿ ಮಗುವಿಗೆ ಮೊದಲ ಸುತ್ತಿನ ಲಸಿಕೆಗಳು ಮುಗಿದಾಗ 2,000 ರೂ. ಎರಡನೆಯದು ಹೆಣ್ಣು ಮಗುವಾದರೆ 6,000 ರೂ. ಒಂದೇ ಕಂತಿನಲ್ಲಿ ದೊರೆಯುತ್ತದೆ. ವಾರ್ಷಿಕ ಆದಾಯ 8 ಲಕ್ಷ ರೂ.ಗಿಂತ ಕಡಿಮೆಯಿರುವ ಕುಟುಂಬದ ಮಹಿಳೆಯರೂ, ಇ-ಶ್ರಮ್ ಕಾರ್ಡ್ ಉಳ್ಳವರೂ ಅರ್ಹರು. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರ ಮನೆಗಳಿಗೆ ಇದು ಸಲ್ಲಬೇಕಾದ ಹಣ. ಅರ್ಜಿಯನ್ನು ಅಂಗನವಾಡಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಕೊಡಬಹುದು.

ತೊಡಕಿರುವುದು ಕಾಗದಪತ್ರಗಳಲ್ಲಿ. ಆಧಾರ್‌ನಲ್ಲಿ ತವರಿನ ಹೆಸರು, ಪಾಸ್‌ಬುಕ್ಕಿನಲ್ಲಿ ಗಂಡನ ಮನೆಯ ಹೆಸರು, ತಾಯಿ ಕಾರ್ಡಿನಲ್ಲಿ ಇನ್ನೊಂದು ಕಾಗುಣಿತ. ಹಣ ತಾಯಿಯ ಸ್ವಂತ ಖಾತೆಗೇ ಬರುತ್ತದೆ, ಗಂಡನ ಖಾತೆ ನಡೆಯದು. ಅದೂ ಆಧಾರ್ ಸಂಖ್ಯೆ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಮದುವೆಗೆ ಮುಂಚೆ ಊರಿನಲ್ಲಿ ತೆರೆದು ಮರೆತ ಖಾತೆಗೆ ಹಣ ಜಮೆಯಾಗಿದ್ದರೆ, ಇಲ್ಲಿ "ಇನ್ನೂ ಬಂದಿಲ್ಲ" ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಸಾಲದು. ಸರಕಾರದ ಹಣ ಈ ಖಾತೆಗೇ ಬರಲಿ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಕೊಡಬೇಕು.

ಐದು ಸಾವಿರಕ್ಕೆ ಇಷ್ಟೊಂದು ಅಲೆದಾಟವೇ ಎಂದು ಕೇಳುವವರಿದ್ದಾರೆ. ತಿಂಗಳ ಸಂಬಳ ಬಾಡಿಗೆಗೂ ರೇಷನ್ನಿಗೂ ಮುಗಿಯುವ ಮನೆಯಲ್ಲಿ ಬಾಣಂತಿಯ ಔಷಧಿಗೆ, ಹಾಲಿಗೆ ಯಾರ ಮುಂದೆಯೂ ಕೈಯೊಡ್ಡದೆ ಒದಗುವ ಹಣವಿದು. ಗಂಡನನ್ನು ಕೇಳದೆ ಅವಳೇ ಖರ್ಚು ಮಾಡಬಹುದಾದ ಹಣವೂ ಹೌದು.

ನಗರದ ಸಂಘ-ಸಂಸ್ಥೆಗಳು ವರ್ಷಂಪ್ರತಿ ವಿದ್ಯಾರ್ಥಿ ವೇತನ, ಪುಸ್ತಕ ವಿತರಣೆ ನಡೆಸುತ್ತಿರುವುದು ಶ್ಲಾಘನೀಯ. ಅವುಗಳ ಮಹಿಳಾ ವಿಭಾಗಗಳು ಅರಸಿನ ಕುಂಕುಮ ಕಾರ್ಯಕ್ರಮದ ದಿನ ಸಭಾಗೃಹದ ಮೂಲೆಯಲ್ಲಿ ಒಂದು ಮೇಜು ಹಾಕಲಿ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ಸಮಾಜದಲ್ಲಿ ಬೇಕಾದಷ್ಟಿದ್ದಾರೆ. ಅವರು ಕುಳಿತು ಹೆಸರು, ಖಾತೆ, ಆಧಾರ್ ಮೂರನ್ನೂ ತಾಳೆ ನೋಡಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಹೆರಿಗೆಗೆ ಊರಿಗೆ ಹೊರಡುವ ಮೊದಲೇ ಇದಾಗಬೇಕು. ಮಗುವನ್ನೆತ್ತಿಕೊಂಡು ಮರಳಿದ ಮೇಲೆ ಓಡಾಡುವಷ್ಟು ಬಿಡುವು ಯಾವ ತಾಯಿಗೂ ಇರುವುದಿಲ್ಲ.