ಕಿಲೋ ಲೆಕ್ಕ ಸರಿ, ಗಂಟೆ ಲೆಕ್ಕ ಯಾರಿಡುತ್ತಾರೆ?

ನಾಗಪುರಕ್ಕೆ ಬಂದು 26 ವರ್ಷವಾಯಿತು. ಯಾವ ದಿಕ್ಕಿಗೆ ಹೋದರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಅಂಥ ಊರಿನ ನಮ್ಮ ಹಾಲಿನಲ್ಲಿ ಕಳೆದ ಡಿಸೆಂಬರಿನಲ್ಲಿ ರಬ್ಬರ್ ಸೂಟು, ಕಪ್ಪೆಕಾಲಿನಂಥ ಫಿನ್ಸು, ಕೊಳವೆಗಳು ಹರಡಿಕೊಂಡಿದ್ದವು. ಮಗ ನಮ್ಮ ಮುರ್ಡೇಶ್ವರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೊರಟಿದ್ದ. ನಾನು ಸ್ಪ್ರಿಂಗ್ ತಕ್ಕಡಿ ಹಿಡಿದು ನಿಂತಿದ್ದೆ.

ದೇಶದೊಳಗಿನ ಸಾಮಾನ್ಯ ಟಿಕೆಟಿಗೆ ಹೆಚ್ಚಾಗಿ 15 ಕಿಲೋ. ಚೀಲ 19 ತೋರಿಸಿತು. ವಿಮಾನದವರನ್ನು ಮನಸಾರೆ ಬೈದೆ. ಬೈಯುವುದು ಸುಲಭ ನೋಡಿ! ಆದರೆ ಭಾರದ ಮುಕ್ಕಾಲು ಪಾಲು ನಮ್ಮದೇ ಹಟ. ಸಿಲಿಂಡರು, ಸೀಸದ ತೂಕ ಎರಡನ್ನೂ ಡೈವ್ ಮಾಡಿಸುವವರೇ ಕೊಡುತ್ತಾರೆ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿ ಇದ್ದರೂ ಸುಮಾರು 14 ಕಿಲೋ. ತುಂಬಿದ್ದನ್ನು ವಿಮಾನಕ್ಕೆ ಹತ್ತಿಸುವುದೇ ಇಲ್ಲ. ಜಾಕೆಟ್, ಸೂಟು, ಫಿನ್ಸು ಬಾಡಿಗೆಗೆ ಸಿಗುತ್ತವೆ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕು, ಉಸಿರಾಡುವ ರೆಗ್ಯುಲೇಟರು, ಕೈಗೆ ಕಟ್ಟುವ ಡೈವ್ ಕಂಪ್ಯೂಟರು ಮಾತ್ರ ಸ್ವಂತದ್ದಿರಲಿ, ಕೈಚೀಲದಲ್ಲೇ ಇರಲಿ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಯೂ ಅಲ್ಲೇ. ಚಾಕು ಚೆಕ್-ಇನ್ ಚೀಲಕ್ಕೆ. ಮುಗಿಯಿತು.

ನನ್ನ ಜಗಳ ಕಿಲೋದ್ದಲ್ಲ ಸ್ವಾಮಿ, ಗಂಟೆಯದ್ದು.

ಮಗ ಭಾನುವಾರ ಬೆಳಿಗ್ಗೆ ಎರಡು ಸಲ ನೀರಿಗಿಳಿದ. ಮಧ್ಯಾಹ್ನ ದಡ, ಅಲ್ಲಿಂದ ಕಾರಿನಲ್ಲಿ ಗೋವಾ, ರಾತ್ರಿ ವಿಮಾನ. ಮಧ್ಯೆ ಎಂಟು ಗಂಟೆಯೂ ಆಗಿರಲಿಲ್ಲ. ಎರಡು ದಿನ ಮೊಣಕೈ ನೋವೆಂದ. ಚೀಲ ಹೊತ್ತ ನೋವೋ, ಬೇರೆಯದೋ, ದೇವರೇ ಬಲ್ಲ. ಕಾರಣ ಹುಡುಕಿ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ. ಆಳದ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ಹೆಚ್ಚು ಹೆಚ್ಚಾಗಿ ಮೈಯಲ್ಲಿ ಕರಗುತ್ತದೆ. ಅದು ಸಾಲ. ಮೇಲೆ ಬಂದ ಮೇಲೆ ಉಸಿರಿನ ಮೂಲಕ ಕಂತು ಕಂತಾಗಿ ತೀರಬೇಕು. ತೀರುವ ಮೊದಲೇ ವಿಮಾನ ಹತ್ತಿದರೆ? ಕ್ಯಾಬಿನ್ನಿನ ಒತ್ತಡ 6000ದಿಂದ 8000 ಅಡಿ ಬೆಟ್ಟದ ಮೇಲಿದ್ದಷ್ಟು ಕಮ್ಮಿ. ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆದೀತು. ಅದಕ್ಕೇ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಲೆಕ್ಕ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚಾದರೆ ಕನಿಷ್ಠ 18 ಗಂಟೆ ನೆಲದ ಮೇಲಿರಿ.

ಕೌಂಟರಿನಲ್ಲಿ ಚೀಲ ತೂಗುತ್ತಾರೆ. 'ನೀರಿನಿಂದ ಎದ್ದು ಎಷ್ಟು ಹೊತ್ತಾಯಿತು?' ಎಂದು ಮಗನನ್ನು ಯಾರೂ ಕೇಳಲಿಲ್ಲ. ಎರಡು ದಿನದ ಪ್ಯಾಕೇಜ್ ಮಾರುವವರು ಕೇಳುತ್ತಾರೆಯೇ? 'ಸೋಮವಾರ ಬೆಳಿಗ್ಗೆ ಸೀಟಿನಲ್ಲಿರಬೇಕು' ಎನ್ನುವ ಮೇಲಧಿಕಾರಿ? ಆ ಮಾತನ್ನು ನಾನೂ ಎಷ್ಟೋ ಹುಡುಗರಿಗೆ ಹೇಳಿದ್ದೇನೆ.

ಇನ್ನೊಂದು ಸತ್ಯ ಹೇಳಿಬಿಡುತ್ತೇನೆ. ಆ ಭಾನುವಾರ ರಾತ್ರಿಯ ಟಿಕೆಟ್ ಬುಕ್ ಮಾಡಿದವನು ನಾನೇ. ಸೋಮವಾರದ್ದಕ್ಕಿಂತ ಅಗ್ಗವಿತ್ತು. ನಾಲ್ಕು ಕಿಲೋಗೆ ಅಷ್ಟು ಕೂಗಾಡಿದವನು ಹತ್ತು ಗಂಟೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮಕ್ಕಳನ್ನು ನೇತ್ರಾಣಿಗೆ ಖಂಡಿತ ಕಳಿಸಿ. ಶನಿವಾರ ಮುಳುಗಲಿ, ಭಾನುವಾರ ದೇವಸ್ಥಾನ ನೋಡಿ, ಮೀನೂಟ ಮಾಡಿ ರಾತ್ರಿ ಹೊರಡಲಿ. ಅದಾಗದಿದ್ದರೆ ಒಂದು ದಿನ ರಜೆ ಹಾಕಲಿ. ಸಹಿ ಹಾಕಬೇಕಾದವರು ನಾವೇ ತಾನೆ?