ಹೆರುವವಳಿಗೆ ಜೊತೆ ಬೇಕು

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರಂಥವರು ನೀಡುತ್ತಿದ್ದ ಆಸರೆಯನ್ನು ನಮ್ಮ ಹೆರಿಗೆ ಕೋಣೆಗಳಲ್ಲಿ ಉಳಿಸಿಕೊಂಡಿದ್ದೇವೆಯೇ? ಆಸ್ಪತ್ರೆಯ ಹೆರಿಗೆಯೇ ಕ್ಷೇಮವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಮಿತಿಮೀರಿದ ರಕ್ತಸ್ರಾವಕ್ಕೆ ಮನೆಯಲ್ಲಿ ಮದ್ದಿಲ್ಲ. ಆದರೆ ಹೆರುವವಳಿಗಿದ್ದ ಜೊತೆ ತಪ್ಪಿಹೋಯಿತು. ಚೊಚ್ಚಲ ಹೆರಿಗೆಯ ನೋವು 12 ಗಂಟೆಯನ್ನೂ ಮೀರಬಹುದು. ನುರಿತ ಸೂಲಗಿತ್ತಿ ಅಷ್ಟು ಹೊತ್ತೂ ಗರ್ಭಿಣಿಯ ಸೊಂಟ ನೀವಿ, ನಡೆದಾಡಿಸಿ, ಗುಟುಕು ನೀರು ಕುಡಿಸಿ ಧೈರ್ಯ ತುಂಬುತ್ತಾಳೆ. ತರಬೇತಿ ಪಡೆದವಳಾದರೆ ಮಗುವಿನ ಎದೆಬಡಿತ ಆಲಿಸಿ, ತೊಡಕು ಕಂಡೊಡನೆ ವೈದ್ಯರನ್ನು ಕರೆಯುತ್ತಾಳೆ. ಹೀಗೆ ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆಗಳು ಹೆಚ್ಚುತ್ತವೆ, ಶಸ್ತ್ರಚಿಕಿತ್ಸೆಗಳು ತಗ್ಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಒಬ್ಬಳನ್ನೇ ಅಂಗಾತ ಮಲಗಿಸಿ, ಕೂಗಿದರೆ ಗದರಿಸುವುದು ಯಾವ ವೈದ್ಯಶಾಸ್ತ್ರ? ದಾದಿಯರಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ನೀಡುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2018ರಲ್ಲಿಯೇ ಹೊರಡಿಸಿದೆ. ಅಂಥವರು ತಾಲ್ಲೂಕು ಆಸ್ಪತ್ರೆಗಳಿಗೆಲ್ಲ ಬರಬೇಕು. ಅಲ್ಲಿಯವರೆಗೆ ತಾಯಿಯೋ ಅಕ್ಕನೋ, ಅವಳು ಬಯಸಿದ ಒಬ್ಬರನ್ನು (ಮನೆಯವರು ಗೊತ್ತುಮಾಡಿದವರನ್ನಲ್ಲ) ಹೆರಿಗೆ ಕೋಣೆಯೊಳಗೆ ಬಿಡಬೇಕೆಂಬುದು ನಮ್ಮ ಆಗ್ರಹ.